ಇಪ್ಪತ್ತೊಂದು ಲಾಂಚುಗಳ ರಜೆ

ನಮ್ಮ ಟೆರ್ನೋಯ ದ್ವೀಪದಲ್ಲಿ ಅತಿ ಹೆಚ್ಚು ಪ್ರಯಾಣ ಮಾಡಿದವನು ಯಾರು ಎಂದು ಕೇಳಿದರೆ ಎಲ್ಲರೂ ಆಸ್ಲಾಕನ ಮನೆಯ ಕಡೆ ಬೆರಳು ತೋರಿಸುತ್ತಾರೆ. ಎಲ್ಲಿಗೂ ಹೋಗದವನು ಯಾರು ಎಂದು ಕೇಳಿದರೂ ಬೆರಳು ಅದೇ ಮನೆಯ ಕಡೆಗೇ ಹೋಗುತ್ತದೆ. ಎರಡೂ ನಿಜ. ಮೂವತ್ತೆಂಟು ವರ್ಷ ಅವನು 'ಗೂರಿ' ಎಂಬ ಲಾಂಚಿನ ಮೇಲೆ ಕಾರು ಹತ್ತಿಸಿ ಇಳಿಸುವ ಕೆಲಸ ಮಾಡಿದ. ಈ ದಡದಿಂದ ಆ ದಡಕ್ಕೆ ಮೂರು ಕಿಲೋಮೀಟರು, ಹದಿನೈದು ನಿಮಿಷ, ದಿನಕ್ಕೆ ಇಪ್ಪತ್ತು ಸಲ. ನಾನು ಈ ದ್ವೀಪದ ಶಾಲೆಯಲ್ಲಿ ಲೆಕ್ಕ ಕಲಿಸಿದವನು. ಮಳೆ ಹಿಡಿದ ಒಂದು ಭಾನುವಾರ, ಅಂಥ ಭಾನುವಾರಗಳು ನಮ್ಮಲ್ಲಿ ವರ್ಷಕ್ಕೆ ಐವತ್ತೆರಡು ಮಾತ್ರ, ಕೂತು ಗುಣಿಸಿ ನೋಡಿದೆ. ಆಸ್ಲಾಕ ಚಂದ್ರನವರೆಗೆ ಹೋಗಿ, ಅಲ್ಲಿಂದ ಸುಮಾರು ಮೂರನೇ ಒಂದು ಭಾಗ ದಾರಿ ವಾಪಸು ಬಂದಿದ್ದ. ಅಷ್ಟಾದರೂ ಒಂದೇ ಒಂದು ದಿನ ಬೇರೆ ಊರಿನ ಹಾಸಿಗೆಯಲ್ಲಿ ಮಲಗಿದವನಲ್ಲ.

ಕೆಲಸದಲ್ಲಿ ಅವನನ್ನು ಮೀರಿಸುವವರು ಈ ಕರಾವಳಿಯಲ್ಲಿ ಹುಟ್ಟಿರಲಿಲ್ಲ. ಗೂರಿಯ ಮೇಲೆ ಇಪ್ಪತ್ತೆಂಟು ಕಾರು ಹಿಡಿಯುತ್ತದೆ ಎಂದು ಕಬ್ಬಿಣದ ಫಲಕದ ಮೇಲೆ ಬರೆದಿತ್ತು. ಆಸ್ಲಾಕ ಮೂವತ್ತನಾಲ್ಕು ಹಿಡಿಸುತ್ತಿದ್ದ. ಹಳದಿ ಅಂಗಿ ತೊಟ್ಟು, ಎರಡು ಕೈ ಎತ್ತಿ, "ಬಾ, ಬಾ, ಬಾ, ನಿಲ್ಲು!" ಎಂದರೆ ಬಂಪರಿಗೂ ಬಂಪರಿಗೂ ನಡುವೆ ಒಂದು ಕಾಗದ ತೂರಿಸಬಹುದಿತ್ತು, ಅದೂ ತೆಳು ಕಾಗದವಾದರೆ. ಒಂದು ಕಾರಿನಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಪಕ್ಕದ ಕಾರಿನವರು ಕಿಟಕಿ ಇಳಿಸಿ ಅಲ್ಲಿಂದಲೇ ರಾಜಿ ಮಾಡಿಸುತ್ತಿದ್ದರು. ದಪ್ಪಗಿನ ಮೀನು ವ್ಯಾಪಾರಿಯೊಬ್ಬ ಒಮ್ಮೆ ಬಾಗಿಲು ತೆರೆಯಲಾಗದೆ ಕಾರಿನಲ್ಲೇ ಕೂತು ಲಾಂಚಿನ ಕ್ಯಾಂಟೀನಿನ ಬಿಸಿ ಸ್ವೇಲೆಯ ವಾಸನೆ ಮಾತ್ರ ಕುಡಿದು ಆ ದಡ ಸೇರಿದ. ಬೆಣ್ಣೆ ಸಕ್ಕರೆ ಸವರಿ ಮಡಚಿದ ಆ ದಪ್ಪ ದೋಸೆ ತಿನ್ನದೆ ಗೂರಿ ಇಳಿದವನು ನನಗೆ ತಿಳಿದಂತೆ ಅವನೊಬ್ಬನೇ. ವ್ಯಾಪಾರಿ ಮೇಲಧಿಕಾರಿಗಳಿಗೆ ದೂರು ಬರೆದ. ಆ ಕಾಗದವನ್ನು ಆಸ್ಲಾಕ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

ಅವನ ಹೆಂಡತಿ ಗುನ್‌ವೋರ್ ಅಂಚೆ ಹಂಚುವವಳು. ಕೆಂಪು ವ್ಯಾನು ಓಡಿಸಿಕೊಂಡು ದ್ವೀಪದ ಮನೆಮನೆಗೂ ಬೇರೆಯವರ ಸುದ್ದಿ ತಲುಪಿಸುತ್ತಿದ್ದಳು. ಅವಳಿಗೆ ತನ್ನದೆಂದು ಬರುತ್ತಿದ್ದದ್ದು ವರ್ಷಕ್ಕೊಂದೇ ಕಾರ್ಡು, ಕ್ರಿಸ್‌ಮಸ್ಸಿಗೆ, ಅಕ್ಕ ಸಿಗ್ನೆಯಿಂದ. ಸಿಗ್ನೆ ಮದುವೆಯಾಗಿ ನಲವತ್ತೊಂದು ವರ್ಷದ ಹಿಂದೆ ಉತ್ತರದ ಸೆನ್ಯ ದ್ವೀಪಕ್ಕೆ ಹೋದವಳು. ಅಲ್ಲಿ ಬೇಸಿಗೆಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. "ನಮ್ಮ ಜಗಲಿಯಲ್ಲಿ ಕೂತರೆ ಸೂರ್ಯ ಸಮುದ್ರದ ಅಂಚು ಮುಟ್ಟಿ ವಾಪಸು ಹೋಗುವುದು ಕಾಣುತ್ತದೆ, ನೀನೊಮ್ಮೆ ಬಾ" ಎಂದು ಅಕ್ಕ ಬರೆಯುತ್ತಿದ್ದಳು. "ಮುಂದಿನ ಬೇಸಿಗೆಗೆ ಖಂಡಿತ" ಎಂದು ತಂಗಿ ಬರೆಯುತ್ತಿದ್ದಳು.

ಹೋಗುವುದು ಹೇಗೆ? ನಮ್ಮ ದೇಶವಿಡೀ ರಜೆ ಹಾಕುವುದು ಜುಲೈ ತಿಂಗಳಲ್ಲಿ. ಹಾಗೆ ರಜೆ ಹಾಕಿದ ದೇಶವೆಲ್ಲ ಗೂರಿ ಹತ್ತಲು ಬರುತ್ತಿತ್ತು. ಆಗ ಆಸ್ಲಾಕನಿಗೆ ಮೂಗು ಸೀಟಲೂ ಬಿಡುವಿಲ್ಲ. ಅವನಿಗೆ ರಜೆ ಸಿಗುತ್ತಿದ್ದದ್ದು ನವೆಂಬರಿನ ಕೊನೆಗೆ. ಸೆನ್ಯದಲ್ಲಿ ಸೂರ್ಯನೂ ಅದೇ ಹೊತ್ತಿಗೆ ರಜೆ ಹಾಕಿ ಜನವರಿಯವರೆಗೆ ಮುಖ ತೋರಿಸುವುದಿಲ್ಲ. "ಕತ್ತಲು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಬೇಕಾದಷ್ಟಿದೆ" ಎಂದು ಆಸ್ಲಾಕ ಹೇಳುತ್ತಿದ್ದ. ಹೀಗೆ ಗೂರಿ ಅವನ ಮೊದಲ ಹೆಂಡತಿಯಾಗಿ, ಗುನ್‌ವೋರ್ ಎರಡನೆಯವಳಾಗಿ ಸಂಸಾರ ನಡೆಯಿತು.

ಮೂರು ವರ್ಷದ ಹಿಂದೆ ಸೇತುವೆ ಬಂತು.

ಉದ್ಘಾಟನೆಯ ದಿನ ಬ್ಯಾಂಡಿನವರು ಬಂದರು, ಮಂತ್ರಿ ಬಂದರು, ಎಂದೂ ಬಾರದ ಬಿಸಿಲು ಕೂಡ ಬಂತು. ಆಸ್ಲಾಕ ಬರಲಿಲ್ಲ. ಆ ಬೆಳಿಗ್ಗೆ ಗೂರಿಯ ಕೊನೆಯ ಸರದಿ ಮುಗಿಸಿ, ಮನೆಗೆ ಹೋಗಿ ಪರದೆ ಎಳೆದುಕೊಂಡು ಕೂತ. ಮರುದಿನ ಅಂಗಡಿಯಲ್ಲಿ, ನಾವು ನಾಲ್ಕು ಜನ ಮುದುಕರು ಕಾಫಿಗೆ ಕೂರುವ ಮೇಜಿನ ಮುಂದೆ ನಿಂತು ಶಪಥ ಮಾಡಿದ.

"ಕೇಳಿಸ್ಕೊಳ್ಳಿ ಎಲ್ರೂ. ಆ ಸೇತುವೆ ಮೇಲೆ ನನ್ನ ಚಕ್ರ ಉರುಳೋದಿಲ್ಲ. ಸತ್ತರೂ ಉರುಳೋದಿಲ್ಲ."

"ಸತ್ತ ಮೇಲೆ ಚಕ್ರ ನಿಂದಾಗಿರಲ್ಲಪ್ಪ, ಶವದ ಗಾಡಿಯವನದು" ಎಂದ ಮೀನು ಸಾಕಣೆಯ ಹಾಲ್ವರ್.

"ಹಂಗಾದ್ರೆ ನನ್ನ ಹಿತ್ತಲಲ್ಲೇ ಹೂಳಿ. ಆಲೂಗಡ್ಡೆ ಚೆನ್ನಾಗಿ ಬರುತ್ತೆ."

ನಾವು ನಕ್ಕೆವು. ಆದರೆ ಅವನ ಸಿಟ್ಟಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಗೂರಿಯ ಮೇಲಿನ ಆ ಹದಿನೈದು ನಿಮಿಷದಲ್ಲೇ ನಮ್ಮ ದ್ವೀಪ ನಡೆಯುತ್ತಿತ್ತು. ಯಾರಿಗೆ ಕಾಯಿಲೆ, ಯಾರ ಮಗಳು ಯಾರ ಕಾರಿನಲ್ಲಿ ಕೂತಿದ್ದಾಳೆ, ಯಾರ ದೋಣಿ ಮಾರಾಟಕ್ಕಿದೆ, ಎಲ್ಲ ಸ್ವೇಲೆ ತಣ್ಣಗಾಗುವುದರೊಳಗೆ ಗೊತ್ತಾಗುತ್ತಿತ್ತು. ಈಗ ಎಲ್ಲರೂ ಕಡಲು ಕಿರಿದಾದ ಕಡೆ ಕಟ್ಟಿದ ಒಂದೂಕಾಲು ಕಿಲೋಮೀಟರಿನ ಸೇತುವೆಯನ್ನು ಒಂದು ನಿಮಿಷದಲ್ಲಿ ದಾಟುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹೋದ ವರ್ಷ ಹಾಲ್ವರನ ಸೋದರಳಿಯನಿಗೆ ಮದುವೆಯಾದದ್ದು ನಮಗೆ ತಿಳಿದದ್ದು ಅವನಿಗೆ ವಿಚ್ಛೇದನವಾದ ಮೇಲೆ.

ಆಸ್ಲಾಕ ಮಾತಿಗೆ ತಪ್ಪುವವನಲ್ಲ. ಮಾರ್ಚಿ ತಿಂಗಳಲ್ಲಿ ದವಡೆ ಹಲ್ಲು ನೋವು ಬಂದಾಗ, ಹಿಮ ಬೀಳುತ್ತಿದ್ದರೂ, ಹುಟ್ಟುದೋಣಿಯಲ್ಲಿ ಆ ದಡದ ಹಲ್ಲಿನ ಡಾಕ್ಟರ ಬಳಿ ಹೋದ. ಬಾಯಿ ತೆರೆದೇ ದೋಣಿ ಹುಟ್ಟುಹಾಕಿದ್ದರಿಂದ ಅಲ್ಲಿ ತಲುಪುವ ಹೊತ್ತಿಗೆ ಹಲ್ಲು ತಾನಾಗಿಯೇ ಮರಗಟ್ಟಿತ್ತು, ಡಾಕ್ಟರು ಸೂಜಿ ಚುಚ್ಚುವ ಅಗತ್ಯವೇ ಬೀಳಲಿಲ್ಲ. ಗುನ್‌ವೋರ್ ಮಾತ್ರ ವಾರಕ್ಕೆರಡು ಸಲ ಸೇತುವೆ ದಾಟಿ ಸಾಮಾನು ತರುತ್ತಿದ್ದಳು. ಅವನು ಟೊಮೆಟೊ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ, ಅದು ಹೇಗೆ ಬಂತೆಂದು ಕೇಳುತ್ತಿರಲಿಲ್ಲ. ಕೇಳಿದರೆ ತಿನ್ನುವ ಹಾಗಿರಲಿಲ್ಲವಲ್ಲ.

ಈ ವರ್ಷ ಈಸ್ಟರ್ ಹಬ್ಬದ ವಾರ, ಕಾರ್ಡಿನ ಕಾಲವಲ್ಲದ ಕಾಲದಲ್ಲಿ, ಸಿಗ್ನೆಯ ಕಾರ್ಡು ಬಂತು. ಗುನ್‌ವೋರ್ ಅದನ್ನು ಓದಿ, ಆಸ್ಲಾಕನ ಕಾಫಿ ಲೋಟದ ಕೆಳಗೆ ಇಟ್ಟಳು. ನಾನು ಅವನ ಏಣಿ ಕೇಳಲು ಹೋದವನು ಅಲ್ಲೇ ಕೂತಿದ್ದೆ.

"ತಂಗೀ," ಎಂದು ಬರೆದಿತ್ತು, "ಜುಲೈ ಹನ್ನೆರಡಕ್ಕೆ ನನಗೆ ಎಪ್ಪತ್ತೈದು. ಸಮುದ್ರಕ್ಕೆ ಮುಖಮಾಡಿ ಇಬ್ಬರು ಕೂರುವ ಬೆಂಚು ಮಾಡಿಸಿದ್ದೇನೆ. ಆ ದಿನದೊಳಗೆ ನೀನು ಬರದಿದ್ದರೆ ಇನ್ನು ಮುಂದಿನ ಬೇಸಿಗೆ ಅಂತ ಬರೆಯಬೇಡ. ನಂಬಿ ನಂಬಿ ನನಗೆ ಸಾಕಾಗಿದೆ. ನಿನ್ನ ಜಾಗದಲ್ಲಿ ನಾಯಿ ಕೂರಿಸಿಕೊಳ್ಳುತ್ತೇನೆ. ಅದು ಬರುತ್ತೇನೆಂದರೆ ಬರುತ್ತದೆ."

ಆಸ್ಲಾಕ ಎರಡು ಸಲ ಓದಿದ. "ನಾಯಿ ಯಾವ ಜಾತೀದು?" ಎಂದ.

"ಜುಲೈ ಹನ್ನೆರಡು" ಎಂದಳು ಗುನ್‌ವೋರ್. "ಈಗ ನಿಂಗೆ ಗೂರಿ ಇಲ್ಲ, ಡ್ಯೂಟಿ ಇಲ್ಲ, ಹಲ್ಲುನೋವೂ ಇಲ್ಲ. ಇನ್ನೇನು ನೆಪ ಇದೆ ಹೇಳು."

"ನೆಪ ಎಲ್ಲಿ ಹೇಳ್ದೆ? ಹೋಗೋಣ. ಆದ್ರೆ ಪ್ಲಾನು ಬೇಕು."

"ಏನು ಪ್ಲಾನು? ಕಾರು ಹತ್ತೋದು, ಎರಡು ದಿನ ಓಡ್ಸೋದು, ಇಳಿಯೋದು."

"ಅದನ್ನ ಪ್ಲಾನು ಅನ್ನಲ್ಲ, ಓಡಿಹೋಗೋದು ಅಂತಾರೆ."

ಮರುದಿನವೇ ಅವನು ದಪ್ಪ ಕಡತವೊಂದನ್ನು ತಂದ. ಏಪ್ರಿಲಿನಿಂದ ಜೂನಿನವರೆಗೆ ಆ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ನಕ್ಷೆಗಳು, ಲಾಂಚು ಹೊರಡುವ ವೇಳಾಪಟ್ಟಿಗಳು, ಉಬ್ಬರ ಇಳಿತದ ಕೋಷ್ಟಕಗಳು. ದೇಶದ ಇಡೀ ಪಶ್ಚಿಮ ಕರಾವಳಿಯ ಪ್ರತಿ ಲಾಂಚಿನಲ್ಲೂ ಅವನಿಗೆ ಪರಿಚಯದವರು. ಫೋನು ಮಾಡಿ ಅವರ ಮೊಮ್ಮಕ್ಕಳ ಹೆಸರು ಕೇಳುವವರೆಗೆ ವೇಳೆ ಕೇಳುತ್ತಿರಲಿಲ್ಲ. ಬೇರೆಯವರಾದರೆ ಎಲ್ಲಿ ಸೇತುವೆ ಇದೆ, ಎಲ್ಲಿ ಸುರಂಗ ಇದೆ ಎಂದು ಹುಡುಕಿ ಆ ದಾರಿ ಹಿಡಿಯುತ್ತಾರೆ. ಆಸ್ಲಾಕ ಅವನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ. ಅವನ ಪ್ರಕಾರ ಎಲ್ಲ ಸೇತುವೆಗಳೂ ನಮ್ಮ ಸೇತುವೆಯ ಬಳಗದವು, ಬೀಗರ ಪೈಕಿ.

ಕೊನೆಗೆ ಜೂನ್ ಕೊನೆಯ ವಾರ ಯೋಜನೆ ಸಿದ್ಧವಾಯಿತು. ಇಪ್ಪತ್ತೊಂದು ಲಾಂಚು. ಒಂದೂ ಸೇತುವೆಯಿಲ್ಲ. ಎರಡು ದಿನದ ದಾರಿಗೆ ಒಂಬತ್ತು ದಿನ. ಕೆಲವು ಕಡೆ ಐದು ನಿಮಿಷದ ಸೇತುವೆ ತಪ್ಪಿಸಲು ಅರ್ಧ ದಿನ ಹಿಂದಕ್ಕೆ ಹೋಗಬೇಕಿತ್ತು. ನಾಲ್ಕನೆಯ ದಿನದ ಸಂಜೆ ಅವರು ಮೊದಲನೆಯ ದಿನದ ಬೆಳಿಗ್ಗೆಗಿಂತ ದಕ್ಷಿಣಕ್ಕೆ ಇರುತ್ತಿದ್ದರು.

"ಜುಲೈ ಮೂರನೇ ತಾರೀಖು ಶುಕ್ರವಾರ ಹೊರಟ್ರೆ, ಹನ್ನೆರಡರ ಬೆಳಿಗ್ಗೆ ಹತ್ತೂವರೆಗೆ ಸಿಗ್ನೆ ಮನೆ ಬಾಗಿಲು" ಎಂದ ಆಸ್ಲಾಕ, ಕಡತವನ್ನು ತಟ್ಟಿ.

ಗುನ್‌ವೋರ್ ಕನ್ನಡಕ ಹಾಕಿಕೊಂಡು ಪುಟ ತಿರುವಿದಳು. "ಇದ್ರಲ್ಲಿ ಒಂದು ಲಾಂಚು ತಪ್ಪಿದ್ರೆ?"

"ಲಾಂಚು ಯಾಕೆ ತಪ್ಪುತ್ತೆ? ಲಾಂಚಿಗೆ ಲೇಟಾಗಿ ಬರೋರು ಮೂರ್ಖರು."

"ಆಯ್ತು. ಮೊದಲ್ನೇ ಪುಟ ಖಾಲಿ ಇದೆಯಲ್ಲ?"

ಆಸ್ಲಾಕ ಕಿಟಕಿಯಾಚೆ ನೋಡತೊಡಗಿದ. ಅದೇ ತೊಡಕು. ಎರಡನೆಯ ಪುಟದಿಂದ ಯೋಜನೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಆದರೆ ಆ ಎರಡನೆಯ ಪುಟ ಶುರುವಾಗುತ್ತಿದ್ದದ್ದು ಆ ದಡದಿಂದ. ಕಾರನ್ನು ಈ ದ್ವೀಪದಿಂದ ಆ ದಡಕ್ಕೆ ಮುಟ್ಟಿಸಲು ಜಗತ್ತಿನಲ್ಲಿ ಉಳಿದಿದ್ದ ದಾರಿ ಒಂದೇ, ಅದರ ಹೆಸರು ಆ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ.

"ಯೋಚ್ನೆ ಮಾಡ್ತಿದೀನಿ" ಎಂದ.

ಅವನ ಯೋಚನೆಯ ಫಲ ಎರಡು ದಿನದ ಮೇಲೆ ಹಾಲ್ವರನ ಕಡಲ ಕಟ್ಟೆಯ ಬಳಿ ತೇಲುತ್ತಿತ್ತು. ಮೀನು ಸಾಕಣೆಯ ಹಳೆಯ ತೇಲುಪೀಪಾಯಿಗಳನ್ನು ಹಗ್ಗದಲ್ಲಿ ಬಿಗಿದು, ಮೇಲೆ ಹಲಗೆ ಬಡಿದು, ಅವನೊಂದು ತೆಪ್ಪ ಕಟ್ಟಿದ್ದ. ಕಾರನ್ನು ಅದರ ಮೇಲೆ ನಿಲ್ಲಿಸಿ ಹಾಲ್ವರನ ಮೋಟಾರು ದೋಣಿಯಿಂದ ಎಳೆಸುವುದು ಯೋಜನೆ. ಕಾರು ಹತ್ತಿಸುವ ಮೊದಲು ಅಷ್ಟೇ ತೂಕ ಹಾಕಿ ಪರೀಕ್ಷೆ ಮಾಡಬೇಕಲ್ಲ? ನನ್ನ ಕೆಟ್ಟುಹೋದ ಫ್ರಿಜ್ಜು ತಂದರು, ಚರ್ಚಿನ ಹಳೆಯ ಪಿಯಾನೊ ತಂದರು, ಮಿಕ್ಕ ತೂಕಕ್ಕೆ ನಾವು ಏಳು ಜನ ಹತ್ತಿದೆವು. ಆಸ್ಲಾಕ ಹಳದಿ ಅಂಗಿ ತೊಟ್ಟು ನಮ್ಮನ್ನು ಜೋಡಿಸಿದ. "ಮೇಷ್ಟ್ರೇ, ಸ್ವಲ್ಪ ಎಡಕ್ಕೆ. ಹೊಟ್ಟೆ ಒಳಗೆ ಎಳ್ಕೊಳ್ಳಿ. ಹಾಲ್ವರ್, ಪಿಯಾನೊಗೆ ಒರಗಬೇಡ."

ತೆಪ್ಪ ಮುಳುಗಿತು ಎಂದರೆ ತಪ್ಪಾಗುತ್ತದೆ. ಅದು ಬಹಳ ಮರ್ಯಾದೆಯಿಂದ, ಯಾರನ್ನೂ ಗಾಬರಿಪಡಿಸದೆ, ಲಿಫ್ಟು ಇಳಿದ ಹಾಗೆ ಇಳಿಯಿತು. ನೀರು ಮೊಣಕಾಲಿಗೆ ಬಂದಾಗ ಯಾರೂ ಮಾತಾಡಲಿಲ್ಲ. ನಮ್ಮ ಕಡೆಯವರು ಮೊದಲು ದೂರುವವರಾಗಲು ಒಪ್ಪುವುದಿಲ್ಲ. ನೀರು ಸೊಂಟಕ್ಕೆ ಬಂದಾಗ ಹಾಲ್ವರ್ ಸುಮ್ಮನೆ ಕೇಳಿದ, "ಇದು ಹೀಗೇ ಇರ್ಬೇಕಾ ಆಸ್ಲಾಕ್?"

ದಡದಲ್ಲಿ ಬಂಡೆಯ ಮೇಲೆ ಕೂತು ಗುನ್‌ವೋರ್ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ನಾವು ಒದ್ದೆ ಕೋಳಿಗಳ ಹಾಗೆ ಮೇಲೆ ಹತ್ತಿ ಬರುವುದನ್ನು ನೋಡಿದಳೇ ಹೊರತು ನಗಲಿಲ್ಲ. ಅಷ್ಟರಲ್ಲಿ ಪಿಯಾನೊ ಕಡಲಿನ ಇಳಿತದ ಜೊತೆ ತೇಲಿ ಹೊರಟಿತು. ಗಂಡನಿಗಿಂತ ಮೊದಲು ಅದೇ ಪ್ರವಾಸ ಹೊರಟಿತಲ್ಲ ಎಂದು ಅವಳು ಅಂದದ್ದು ನನ್ನ ಕಿವಿಗೆ ಬಿತ್ತು.

ಆಮೇಲೆ ಅವಳು ಅವನ ಕಡೆ ತಿರುಗಿದಳು. ದನಿ ಏರಲಿಲ್ಲ. "ನೋಡು ಮುದುಕಾ. ನಲವತ್ತೊಂದು ಕಾರ್ಡಲ್ಲಿ ನಲವತ್ತೊಂದು ಸುಳ್ಳು ಬರೆದಿದೀನಿ. ನಲವತ್ತೆರಡನೇದು ಬರೆಯಲ್ಲ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಕಾರು ತಗೊಂಡು ಸೇತುವೆ ಹತ್ತುತೀನಿ. ನೀನು ನಿನ್ನ ದೋಣೀಲಿ ಹುಟ್ಟುಹಾಕ್ಕೊಂಡು ಬಾ. ಆ ದಡದಲ್ಲಿ ಕಾಯ್ತೀನಿ. ನಿನ್ನ ಇಪ್ಪತ್ತೊಂದು ಲಾಂಚೂ ಹತ್ತುತೀನಿ, ಒಂದಕ್ಕೂ ಮುಖ ಸಿಂಡರಿಸಲ್ಲ. ಆದ್ರೆ ಹನ್ನೆರಡಕ್ಕೆ ನಾನು ಆ ಬೆಂಚಿನ ಮೇಲೆ ಇರ್ತೀನಿ. ನೀನಿದ್ರೂ ಸರಿ, ಇಲ್ದಿದ್ರೂ ಸರಿ."

ಆಸ್ಲಾಕ ಕಿವಿಯೊಳಗಿನ ನೀರು ಕೊಡವಿಕೊಂಡು, "ಮಧ್ಯಾಹ್ನ ಎರಡು ಗಂಟೆ ಲಾಂಚು ತಪ್ಪಬಾರ್ದು ಅಷ್ಟೇ" ಎಂದ. ಮೊದಲ ಪುಟ ತುಂಬಿತು.

ಶುಕ್ರವಾರ ಬಂತು. ಜೊತೆಗೆ ಗಾಳಿಯೂ ಬಂತು. ಅದು ಎಂಥ ಗಾಳಿಯೆಂದರೆ, ನನ್ನ ಕೋಳಿ ಒಂದೇ ಮೊಟ್ಟೆಯನ್ನು ಮೂರು ಸಲ ಇಡಬೇಕಾಯಿತು. ಅಂಥ ಗಾಳಿಗೆ ಸೇತುವೆಯ ಬಾಯಿಯ ಅಡ್ಡಗಂಬ ತಾನೇ ಇಳಿದು ಕೆಂಪು ದೀಪ ಹತ್ತುತ್ತದೆ. ನನಗೆ ಆ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕಿತ್ತು. ಒಂಬತ್ತಕ್ಕೆ ಅಲ್ಲಿ ತಲುಪುವಾಗ ಆಗಲೇ ಗುಂಪು ನೆರೆದಿತ್ತು. ರಜೆಯ ಮೊದಲ ದಿನ ಬೇರೆ. ಬೇಸಿಗೆ ಮನೆಯವರ ಕಾರುಗಳು, ಮನೆಯನ್ನೇ ಹಿಂದೆ ಕಟ್ಟಿಕೊಂಡು ತಿರುಗುವ ಗಾಡಿಗಳು, ಹಾಲಿನ ಟ್ಯಾಂಕರು, ಹಾಲ್ವರನ ಮೀನಿನ ಲಾರಿ, ಒಂದು ಭಜನೆ ತಂಡದ ಬಸ್ಸು. ನಡುವೆ ಎಲ್ಲೋ ಗುನ್‌ವೋರಳ ಹಳೆಯ ನೀಲಿ ಕಾರು. ಎಲ್ಲರಿಗೂ ತಾನೇ ಮೊದಲು ದಾಟಬೇಕು. ಒಂದು ಗಾಡಿ ಅಡ್ಡ ತಿರುಗಿ ನಿಂತಿತ್ತು, ಇನ್ನೊಂದು ಅದರ ಪಕ್ಕೆಗೆ ಮೂಗು ತೂರಿಸಿತ್ತು, ಮೂರನೆಯದು ಹಿಂದಕ್ಕೆ ಹೋಗಲು ನೋಡಿ ಚರಂಡಿಗೆ ಚಕ್ರ ಇಳಿಸಿತ್ತು. ಹಾರನ್ ಹೊಡೆಯುವುದು ನಮ್ಮಲ್ಲಿ ಹೊಡೆದಾಟಕ್ಕಿಂತ ದೊಡ್ಡ ಅವಮಾನ. ಆ ದಿನ ಅದೂ ಕೇಳಿಸಿತು.

ಹನ್ನೊಂದರ ಹೊತ್ತಿಗೆ ಆಸ್ಲಾಕ ನಡೆದು ಬಂದ. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿತ್ತು. ದೋಣಿ ದಡ ಬಿಟ್ಟು ಹತ್ತು ಮಾರು ಹೋಗುವುದರೊಳಗೆ ಗಾಳಿ ಅದನ್ನೂ ಅವನನ್ನೂ ಎತ್ತಿ ಹಾಲ್ವರನ ಬಲೆಗಳ ಮೇಲೆ ಒಣಗಲು ಹಾಕಿತ್ತಂತೆ. ಹೆಂಡತಿಗೆ ಈ ಸುದ್ದಿ ಹೇಳಲು ಬಂದವನು ಆ ಗುಂಪನ್ನು ಕಂಡು ಹಾಗೇ ನಿಂತ. ಒಳ್ಳೆಯ ಸಂಗೀತಗಾರನಿಗೆ ಅಪಸ್ವರ ಕೇಳಿದಾಗ ಮುಖ ಹೇಗಾಗುತ್ತದೋ ಹಾಗಾಯಿತು ಅವನ ಮುಖ.

"ಇದನ್ನ ಸಾಲು ಅಂತಾರಾ?" ಎಂದ, ನನ್ನ ಕಿಟಕಿಗೆ ಬಗ್ಗಿ. "ಮೇಷ್ಟ್ರೇ, ನೀವು ಓದಿದೋರು. ಇದನ್ನ ಸಾಲು ಅಂತ ಯಾವ ಪುಸ್ತಕದಲ್ಲಾದ್ರೂ ಬರೆದಿದೆಯಾ?"

ನೀಲಿ ಕಾರಿನ ಡಿಕ್ಕಿ ತೆರೆದು ಹಳದಿ ಅಂಗಿ ತೆಗೆದ. ಅದನ್ನು ತೊಟ್ಟದ್ದೇ ತಡ, ಅವನು ನಾಲ್ಕು ಬೆರಳು ಎತ್ತರವಾದ. ಇದು ಕಣ್ಣಿನ ಡಾಕ್ಟರ ಬಳಿ ಹೋಗುವವನ ಸಾಕ್ಷಿ, ಆದರೂ ನಂಬಿ.

"ಏ, ಮನೆ ಕಟ್ಕೊಂಡಿರೋನೆ! ಬಲಕ್ಕೆ! ಮೂರನೇ ಸಾಲು!"

"ನೀನು ಯಾರಯ್ಯಾ?" ಎಂದ ಪಟ್ಟಣದವನೊಬ್ಬ.

"ಕನ್ನಡಿ ಮಡಚು. ಹ್ಯಾಂಡ್‌ಬ್ರೇಕ್ ಹಾಕು. ಆಮೇಲೆ ಹೇಳ್ತೀನಿ."

ಪಟ್ಟಣದವನು ಕನ್ನಡಿ ಮಡಚಿದ. ಎಲ್ಲರೂ ಮಡಚಿದರು. ಅರ್ಧ ಗಂಟೆಯಲ್ಲಿ ಸೇತುವೆ ಮುಂದಿನ ಆ ಬಯಲು ಗೂರಿಯ ಡೆಕ್ಕಾಯಿತು. ಹಾಲಿನ ಟ್ಯಾಂಕರು ನಡುವೆ, ಮೀನಿನ ಲಾರಿ ಅದರ ಹಿಂದೆ, ಬಸ್ಸು ಎಡಕ್ಕೆ, ಅದಕ್ಕೆ ಸರಿದೂಗಲು ಎರಡು ಮನೆಗಾಡಿ ಬಲಕ್ಕೆ. ಭಾರ ಒಂದೇ ಕಡೆ ಬಿದ್ದರೆ ಸೇತುವೆ ವಾಲುತ್ತದೆ ಎಂದು ಅವನು ಬಸ್ಸಿನ ಚಾಲಕನಿಗೆ ಗಂಭೀರವಾಗಿ ಹೇಳಿದ. ಚಾಲಕನೂ ಗಂಭೀರವಾಗಿ ತಲೆದೂಗಿದ. ಕಾರುಗಳ ನಡುವೆ ಜಾಗ ಎಷ್ಟು ಕಡಿಮೆಯಾಯಿತೆಂದರೆ, ಜನ ಬೇರೆ ದಾರಿಯಿಲ್ಲದೆ ಕಿಟಕಿ ಇಳಿಸಿ ಮಾತಾಡತೊಡಗಿದರು. ಗುನ್‌ವೋರ್ ತಾನು ದಾರಿಗೆಂದು ಮಾಡಿಕೊಂಡಿದ್ದ ಸ್ವೇಲೆಯ ಡಬ್ಬಿ ತೆರೆದು ಕಿಟಕಿಯಿಂದ ಕಿಟಕಿಗೆ ದಾಟಿಸಿದಳು. ಮೂರು ವರ್ಷದಲ್ಲಿ ನನಗೆ ಗೊತ್ತಾಗದೆ ಉಳಿದಿದ್ದ ಸುದ್ದಿಯೆಲ್ಲ ಆ ಒಂದು ಗಂಟೆಯಲ್ಲಿ ಗೊತ್ತಾಯಿತು. ಅದರಲ್ಲಿ ನನ್ನ ಬಗ್ಗೆಯೇ ಎರಡು ಇದ್ದವು, ಎರಡೂ ಸುಳ್ಳು.

ಒಂದು ಗಂಟೆಗೆ ಗಾಳಿ ಇಳಿಯಿತು. ಕೆಂಪು ದೀಪ ಆರಿತು, ಅಡ್ಡಗಂಬ ಎದ್ದಿತು. ಆಸ್ಲಾಕ ಸೇತುವೆಯ ಬಾಯಲ್ಲಿ ನಿಂತು ಎರಡು ಕೈ ಎತ್ತಿದ. ಒಬ್ಬರೂ ಅಲುಗಲಿಲ್ಲ. ಟ್ಯಾಂಕರಿಗೆ ಕೈ ಬೀಸಿದ, ಅದು ಹೋಯಿತು. ಲಾರಿಗೆ ಬೀಸಿದ. ಬಸ್ಸಿನವರು ಹಾಡುತ್ತಾ ಹೋದರು. ಒಂದೊಂದಾಗಿ, ನೂಲಿನಿಂದ ಮಣಿ ಜಾರಿಸಿದ ಹಾಗೆ ಎಲ್ಲವನ್ನೂ ಬಿಟ್ಟ. ಕೊನೆಗೆ ಉಳಿದದ್ದು ಎರಡು. ನನಗೆ ಕೈ ಬೀಸಿದ, ನಾನು ಹೊರಟೆ. ಕನ್ನಡಿಯಲ್ಲಿ ನೋಡುತ್ತಿದ್ದೆ. ನೀಲಿ ಕಾರು ಮುಂದೆ ಬಂತು. ಆಸ್ಲಾಕ ಅದರ ನಂಬರನ್ನಾಗಲಿ, ಒಳಗೆ ಕೂತವಳ ಮುಖವನ್ನಾಗಲಿ ನೋಡಲಿಲ್ಲ. ಅವನ ಕಣ್ಣು ಚಕ್ರದ ಮೇಲಿತ್ತು. "ಬಾ, ಬಾ, ಬಾ," ಎಂದು ಕೈ ಬೀಸಿದ, "ಹೋಗು!"

ಗುನ್‌ವೋರ್ ಒಂದು ಕ್ಷಣ ನಿಂತಳು. ಆಮೇಲೆ ಗೇರು ಹಾಕಿ ಹೋದಳು.

ಆ ದಡದಲ್ಲಿ ನಾನು ಕಾರು ನಿಲ್ಲಿಸಿದೆ. ಹಿಂದೆಯೇ ಬಂದು ಅವಳೂ ನಿಲ್ಲಿಸಿ ಇಳಿದಳು.

"ಗುನ್‌ವೋರ್, ಗಂಡನ್ನ ಬಿಟ್ಟು ಬಂದ್ಯಲ್ಲೇ!"

"ನಾನೆಲ್ಲಿ ಬಿಟ್ಟೆ ಮೇಷ್ಟ್ರೇ? ಅವನೇ ಕೈ ಬೀಸ್ದ. ಮೂವತ್ತೆಂಟು ವರ್ಷ ಊರೆಲ್ಲ ಅವನ ಕೈಗೆ ಹೆದರ್ತು, ನಾನು ಮಾತ್ರ ಹೆದರಬಾರ್ದಾ?" ಎಂದಳು. ಆಮೇಲೆ ಥರ್ಮಾಸಿನ ಮುಚ್ಚಳ ತಿರುಗಿಸುತ್ತಾ ಸೇತುವೆಯ ಕಡೆ ನೋಡಿದಳು. "ಬರ್ತಾನಾ?"

ಮುಂದೆ ಸೇತುವೆಯ ಮೇಲೆ ನಡೆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ. ಹಾಗಾಗಿ ನನ್ನ ಮಾತಿನಷ್ಟೇ ನಂಬಿ. ಕೊನೆಯ ಕಾರು ಹತ್ತಿದ ಮೇಲೆ ಸರಪಳಿ ಹಾಕಿ ಲಾಂಚಿನವನು ತಾನೂ ಹತ್ತಬೇಕು. ಹತ್ತದೆ ದಡದಲ್ಲಿ ಉಳಿದವನಿಲ್ಲ. ಆಸ್ಲಾಕನ ಕೈಗಳು ಇಲ್ಲದ ಸರಪಳಿಯನ್ನು ಇಲ್ಲದ ಕೊಂಡಿಗೆ ಸಿಕ್ಕಿಸಿದವು. ಅವನ ಕಾಲುಗಳು ತಿರುಗಿ, ಕೊನೆಯ ಕಾರಿನ ಹಿಂದೆ ಹತ್ತಿದವು. ಶಪಥ ಮಾಡಿದ್ದು ಬಾಯಿ, ಕಾಲಿಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ. ನೆನಪಾಗುವ ಹೊತ್ತಿಗೆ ಅವನು ಸೇತುವೆಯ ನಟ್ಟನಡುವೆ ಇದ್ದ.

ಅಲ್ಲಿ ನಿಂತುಬಿಟ್ಟ. ನಾವು ನಿಂತಿದ್ದ ದಡದಿಂದ ಒಂದು ಹಳದಿ ಚುಕ್ಕೆ ಕಾಣುತ್ತಿತ್ತು, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಂಬಿ ಹಿಡಿದು ಕೆಳಗೆ ನೋಡಿದನಂತೆ. ಮೂವತ್ತೆಂಟು ವರ್ಷ ತಾನು ಓಡಾಡಿದ ನೀರನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. "ಅಷ್ಟು ಸಲ ಹೋಗಿ ಬಂದಿದೀನಿ ಮೇಷ್ಟ್ರೇ, ನೀರಿನ ಮೇಲೆ ಒಂದು ಗೆರೆನಾದ್ರೂ ಉಳಿದಿರುತ್ತೆ ಅಂದ್ಕೊಂಡಿದ್ದೆ. ಏನೂ ಇಲ್ಲ. ಎರಡು ಬಾತುಕೋಳಿ ಇದ್ವು" ಎಂದ. ಅವನು ಅದನ್ನು ಹೇಳುವಾಗ ನಗಲಿಲ್ಲ, ನಾನೂ ನಗಲಿಲ್ಲ.

ಹತ್ತು ನಿಮಿಷ ಕಳೆಯಿತು. ಚುಕ್ಕೆ ಅಲುಗಲಿಲ್ಲ. ಗುನ್‌ವೋರ್ ಒಮ್ಮೆ ಉತ್ತರದ ರಸ್ತೆಯ ಕಡೆ ನೋಡಿದಳು, ಒಮ್ಮೆ ಸೇತುವೆಯ ಕಡೆ. ಆಮೇಲೆ ಕಾರಿನ ಕಿಟಕಿಯಿಂದ ಕೈ ಹಾಕಿ ಹಾರನ್ ಒತ್ತಿದಳು. ಒಂದೇ, ಉದ್ದಕ್ಕೆ. ಲಾಂಚು ದಡ ಬಿಡುವಾಗ ಕೂಗುವ ಹಾಗೆ.

ಹಳದಿ ಚುಕ್ಕೆ ಓಡತೊಡಗಿತು. ಎಪ್ಪತ್ತೊಂದು ವರ್ಷದ ಮುದುಕ ಹಾಗೆ ಓಡುವುದನ್ನು ನಾನು ಕಂಡದ್ದಿಲ್ಲ. ಅವನ ಹಿಂದೆ ಬರುತ್ತಿದ್ದ ಸೈಕಲ್ಲಿನವನು ದಾರಿ ಬಿಡಲು ಗಂಟೆ ಬಾರಿಸಿ ಬಾರಿಸಿ ಸೋತ.

ಅವನು ನಮ್ಮ ಮುಂದೆ ಬಂದು, ಮೊಣಕಾಲಿಗೆ ಕೈಯೂರಿ, ಉಸಿರು ಸಿಗುವವರೆಗೆ ನಿಂತ. ಗುನ್‌ವೋರ್ ಕಾಫಿ ಕೊಟ್ಟಳು. ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ ಕೊನೆಯ ಸ್ವೇಲೆ ಕೊಟ್ಟಳು.

"ಹೇಗಿತ್ತು?" ಎಂದಳು.

"ಅಲುಗಾಡಲ್ಲ" ಎಂದ ಆಸ್ಲಾಕ, ಬಾಯಿ ತುಂಬ. "ಅಷ್ಟು ದೊಡ್ಡದು ಕಟ್ಟಿದಾರೆ, ಒಂಚೂರೂ ಅಲುಗಾಡಲ್ಲ. ಹೊಟ್ಟೆಗೆ ಏನೂ ಗೊತ್ತಾಗಲ್ಲ. ಅದೂ ಒಂದು ದಾಟೋದಾ?"

"ಶಪಥ ಮುರೀತಲ್ಲೋ" ಎಂದೆ ನಾನು.

"ಚಕ್ರ ಅಂದಿದ್ದೆ ಮೇಷ್ಟ್ರೇ. ಬೂಟು ಅಂದಿರ್ಲಿಲ್ಲ." ಅಷ್ಟು ಹೇಳಿ ಕೈಗಡಿಯಾರ ನೋಡಿಕೊಂಡ. ಅವನ ಮುಖ ಬಿಳಿಚಿತು. ಒಂದೂ ಮುಕ್ಕಾಲು. ಎರಡು ಗಂಟೆಯ ಲಾಂಚು ನಲವತ್ತು ಕಿಲೋಮೀಟರು ದೂರದಲ್ಲಿತ್ತು.

"ತಪ್ಪಿತು" ಎಂದ. ಕಡತ ತೆಗೆದು ಬಾನೆಟ್ಟಿನ ಮೇಲೆ ಬಿಚ್ಚಿ, ಒದ್ದೆ ಬೆರಳಿನಿಂದ ಪುಟ ತಿರುವಿದ. "ಇದು ತಪ್ಪಿದ್ರೆ ಸಂಜೇದೂ ತಪ್ಪಿತು. ಅದು ತಪ್ಪಿದ್ರೆ ಭಾನುವಾರದ್ದಿಲ್ಲ. ಹದಿನಾಲ್ಕನೇ ತಾರೀಖು... ಅಲ್ಲ, ಹದಿನೈದು."

ಗುನ್‌ವೋರ್ ಹೋಗಿ ಸ್ಟಿಯರಿಂಗಿನ ಹಿಂದೆ ಕೂತಳು. ಸಿಗ್ನೆಯ ಕಾರ್ಡು ಕಾರಿನ ಮುಂದಿನ ಗಾಜಿಗೆ ಒರಗಿಸಿಟ್ಟಿದ್ದಳು, ಅದರ ಹಿಂಬದಿಯ ಬೆಂಚಿನ ಫೋಟೊ ಹೊರಗೆ ಕಾಣುವ ಹಾಗೆ. ಇಬ್ಬರು ಕೂರುವ ಬೆಂಚಿನ ಮೇಲೆ ಸಿಗ್ನೆ ಒಂದು ತುದಿಯಲ್ಲಿ ಕೂತಿದ್ದಳು. ಆಸ್ಲಾಕ ಅದನ್ನು ನೋಡಿದ. ಕಡತ ನೋಡಿದ. ಮತ್ತೆ ಅದನ್ನು ನೋಡಿದ. ಜೋಡಿಸಿದ ಸಾಲಿನಲ್ಲಿ ಖಾಲಿ ಉಳಿದ ಜಾಗ ಅವನು ಜೀವಮಾನದಲ್ಲಿ ಸಹಿಸಿದವನಲ್ಲ.

"ಮೇಷ್ಟ್ರೇ," ಎಂದು ಕಡತ ಮುಚ್ಚಿ ನನ್ನ ಕೈಗೆ ಕೊಟ್ಟ. "ಇದು ನಿಮ್ಮ ಹತ್ರ ಇರ್ಲಿ. ಕಾಗದ ಒಳ್ಳೇದಿದೆ." ಆಮೇಲೆ ಹೋಗಿ, ನಮ್ಮಲ್ಲಿ ಓಡಿಸುವವರು ಕೂರುವ ಎಡಗಡೆಯ ಬಾಗಿಲಿಗೆ ಕೈ ಹಾಕಿದ, ಅಲ್ಲಿ ಆಗಲೇ ಗುನ್‌ವೋರ್ ಕೂತಿದ್ದಳು. ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ.

"ಯಾವ ದಾರಿ?" ಎಂದಳು ಅವಳು.

"ಹತ್ರದ್ದು" ಎಂದು ಅವನು ಕಣ್ಣು ಮುಚ್ಚಿಕೊಂಡ. "ಸೇತುವೆ ಬಂದ್ರೆ ಹೇಳ್ಬೇಡ."

ನನ್ನ ಕಣ್ಣಿನ ಡಾಕ್ಟರು ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ತಾವೂ ರಜೆಗೆ ಹೊರಟಿದ್ದರು. ನನಗೆ ಬೇಸರವಾಗಲಿಲ್ಲ, ಆ ದಿನ ನೋಡಬೇಕಾದದ್ದನ್ನು ನೋಡಿಯಾಗಿತ್ತು.

ಹನ್ನೊಂದು ದಿನದ ಮೇಲೆ ಅಂಗಡಿಯ ವಿಳಾಸಕ್ಕೆ ಕಾರ್ಡೊಂದು ಬಂತು. ಕಾಫಿ ಮೇಜಿನಲ್ಲಿ ನಾನೇ ಗಟ್ಟಿಯಾಗಿ ಓದಿದೆ. ಆಸ್ಲಾಕನ ಅಕ್ಷರ, ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಕಾಗದ ತೂರಿಸಲೂ ಜಾಗವಿರಲಿಲ್ಲ.

"ಐದನೇ ತಾರೀಖೇ ತಲುಪಿದೆವು. ಏಳು ದಿನ ಮೊದಲು. ಒಟ್ಟು ಹದಿನಾರು ಸೇತುವೆ. ಒಂಬತ್ತಕ್ಕೆ ಕಣ್ಣು ಮುಚ್ಚಿದ್ದೆ, ಹತ್ತನೆಯದಕ್ಕೆ ಗುನ್‌ವೋರ್ ನೋಡು ಅಂದಳು, ನೋಡಿದೆ. ಪರವಾಗಿಲ್ಲ. ಇಲ್ಲಿ ಸೂರ್ಯನ ವ್ಯವಸ್ಥೆ ಸರಿಯಿಲ್ಲ. ಸಮುದ್ರದವರೆಗೆ ಇಳಿದು ಬರುತ್ತಾನೆ, ಹತ್ತುವುದಿಲ್ಲ, ಅಡ್ಡಕ್ಕೆ ಜರುಗಿ ಜರುಗಿ ವಾಪಸು ಹೋಗುತ್ತಾನೆ. ಕೈ ಬೀಸುವವರು ಯಾರೂ ಇಲ್ಲ. ಬೆಂಚಿನ ಮೇಲೆ ಇಬ್ಬರಿಗೆ ಜಾಗ ಅಂದಿದ್ದರು. ನಾನು ಜೋಡಿಸಿದ ಮೇಲೆ ಮೂವರು ಮತ್ತು ನಾಯಿ ಹಿಡಿಯುತ್ತೇವೆ."

ಕೆಳಗೆ ಗುನ್‌ವೋರಳ ದುಂಡು ಅಕ್ಷರದಲ್ಲಿ ಒಂದು ಸಾಲು ಇತ್ತು.

"ಹಳದಿ ಅಂಗಿ ಹಾಕಿಕೊಂಡು ಸೂರ್ಯನಿಗೆ ಬಾ, ಬಾ ಅನ್ನುತ್ತಾ ನಿಂತಿದ್ದಾನೆ. ಅಕ್ಕ ನಕ್ಕು ನಕ್ಕು ಕೇಕಿನ ಮೇಲೆ ಕೂತಳು."